ನಿಲಂಗಾದಲ್ಲಿ ಬಂದಾದ ಮೈಕು

ಮೈಕಿನ ದನಿ ಇಳಿಸುವ ಫೇಡರನ್ನು ನಾನು ಮತ್ತೆ ಮೇಲೆತ್ತಲಿಲ್ಲ. ಕೆಳಗೆ ಎಳೆದದ್ದು ಗಾಬರಿಯಲ್ಲಿ ಆದ ತಪ್ಪು ಎಂದು ಯಾರಾದರೂ ಕ್ಷಮಿಸಬಹುದು. ಆದರೆ ಎಳೆದ ಮೇಲೂ ನನ್ನ ತಮ್ಮ ಮೈಕು ಹಿಡಿದು ನಿಂತೇ ಇದ್ದ. ಅವನ ತುಟಿ ಅಲ್ಲಾಡುತ್ತಲೇ ಇತ್ತು. ಜನ ನಗಲು ಶುರು ಮಾಡಿದ್ದರು. ನನ್ನ ಬೆರಳು ಇನ್ನೂ ಆ ಗುಂಡಿಯ ಮೇಲಿತ್ತು, ಸ್ವಲ್ಪ ಮೇಲಕ್ಕೆ ಸರಿಸಿದ್ದರೆ ಸಾಕಿತ್ತು. ಸರಿಸಲಿಲ್ಲ. ಆಮೇಲೆ ಅದನ್ನು ಅಲ್ಲಾಹನ ಕುದರತ್ತು, ಅವನ ಪವಾಡ ಎಂದು ಊರೂರಲ್ಲಿ ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ.

ಉಮರ್ಗಾದಲ್ಲಿ ನನ್ನದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕೆಲಸ. ಮಠದ ಪುರಾಣಕ್ಕೂ ನನ್ನದೇ ಕಾಲಮ್ ಸ್ಪೀಕರು, ಮಸೀದಿಯ ಜಲ್ಸಾ ಸಭೆಗೂ ನನ್ನದೇ. ಆ ವರ್ಷ ನಮ್ಮ ಜನರ ಒಂದು ಕಮಿಟಿ ಮೂರು ಊರುಗಳಲ್ಲಿ ಉಪನ್ಯಾಸ ಇಟ್ಟುಕೊಂಡಿತು: ಮೊದಲ ದಿನ ಉಮರ್ಗಾ, ಮರುದಿನ ನಿಲಂಗಾ, ಅದರ ಮರುದಿನ ಉದಗೀರ. ಕಾಲೇಜಿನ ಹುಡುಗರು ಫೋನಿನಲ್ಲಿ ದೇವರಿಲ್ಲ ಎನ್ನುವವರ ಮಾತು ಕೇಳಿ ಕೇಳಿ ನಮಾಜು ಬಿಡುತ್ತಿದ್ದಾರೆ, ಬೈದರೆ ಕೇಳುವುದಿಲ್ಲ, ಬುದ್ಧಿಯಿಂದಲೇ ಉತ್ತರ ಕೊಡಬೇಕು ಎಂಬುದು ಕಮಿಟಿಯ ವಿಚಾರ. ಅಧ್ಯಕ್ಷರಿಗೆ ಟೈರಿನ ಅಂಗಡಿ ಇತ್ತು, ಮಾತು ಗಟ್ಟಿ. ಅವರು ಕಲಬುರಗಿ ಕಡೆಯಿಂದ ಒಬ್ಬ ನಿವೃತ್ತ ಪ್ರೊಫೆಸರರನ್ನು ಕರೆಸಿದರು. ಕಾಲೇಜಿನಲ್ಲಿ ತತ್ವಜ್ಞಾನ ಕಲಿಸಿದವರು, ಅರಬ್ಬಿಯ ಹಳೆಯ ತರ್ಕಶಾಸ್ತ್ರವನ್ನೂ ಇವತ್ತಿನ ನಾಸ್ತಿಕರು ಬರೆದದ್ದನ್ನೂ ಓದಿದವರು.

ಉಮರ್ಗಾದ ಹಾಲಿಗೆ ಅವರು ಬೇಗ ಬಂದರು. ನಾನು ವೈರು ಎಳೆಯುತ್ತಿದ್ದೆ. ನನ್ನ ಹತ್ತಿರ ಬಂದು ಕನ್ನಡದಲ್ಲಿಯೇ ಕೇಳಿದರು, “ಏನಪಾ, ಪ್ರಶ್ನೆ ಕೇಳೋರಿಗಿ ಬ್ಯಾರೆ ಮೈಕ್ ಅದನಾ?”

“ಕಾರ್ಡ್‌ಲೆಸ್ ಅದರೀ, ಸಾಹೇಬ್ರ. ಕೈಯಿಂದ ಕೈಗೆ ಕೊಡಬಹುದು.”

“ನೋಡು, ನನ್ನ ಆವಾಜ್ ಎಷ್ಟದನೋ, ಕೇಳೋನ ಆವಾಜೂ ಅಷ್ಟೇ ಇರಬೇಕು. ಬರೋಬ್ಬರಿ. ನಂದು ದೊಡ್ಡದು, ಅವಂದು ಸಣ್ಣದು ಮಾಡಿದ್ರ ಅದು ವಾದ-ಬಹಸ್ ಅಲ್ಲ, ಮೋಸ.”

ನಕ್ಕು ಆಗಲಿ ಎಂದೆ. ಭಾಷಣ ಮಾಡುವವರು ಸಾಮಾನ್ಯವಾಗಿ ನನಗೆ ಹೇಳುವುದು ತಮ್ಮ ದನಿ ಹೆಚ್ಚಿಸು ಎಂದು. ಈ ಮಾತು ಹೊಸದು.

ಆ ದಿನ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ, ಯಾಕೆಂದರೆ ನನ್ನ ಸಾಮಾನನ್ನೇ ತೋರಿಸಿ ಹೇಳಿದರು. ಈ ಸ್ಪೀಕರಿನಲ್ಲಿ ದನಿ ಇದೆ, ಅದು ಅದರದೇ ದನಿಯೇ? ಅಲ್ಲ, ಆಂಪ್ಲಿಫೈಯರ್ ಕೊಟ್ಟದ್ದು. ಆಂಪ್ಲಿಫೈಯರಿಗೆ ಕರೆಂಟು ಬೋರ್ಡಿನಿಂದ, ಬೋರ್ಡಿಗೆ ಕಂಬದಿಂದ. ಎಲ್ಲರೂ ಇನ್ನೊಬ್ಬರಿಂದ ಪಡೆದವರೇ. ವೈರು ಎಷ್ಟು ಉದ್ದ ಮಾಡಿದರೂ, ಎಲ್ಲಿಯೂ ಕರೆಂಟು ಹುಟ್ಟದಿದ್ದರೆ ಈ ಸ್ಪೀಕರು ಮಾತಾಡುತ್ತಿತ್ತೇ? ಈ ಲೋಕದಲ್ಲಿ ಇರುವ ಪ್ರತಿಯೊಂದೂ ಇಲ್ಲದೆಯೂ ಇರಬಹುದಾಗಿತ್ತು. ಇಲ್ಲದಿರಬಹುದಾದದ್ದು ಇದೆ ಎಂದರೆ ಅದಕ್ಕೆ ಇರುವಿಕೆ ಕೊಟ್ಟವನು ಯಾರೋ ಇರಬೇಕು. ಅವನು ಯಾರಿಂದಲೂ ಪಡೆಯದೆ ಇರುವವನಾಗಿರಬೇಕು. ನಮ್ಮ ಹಿರಿಯರು ನೂರಾರು ವರ್ಷ ಹಿಂದೆ ಹೀಗೆ ಯೋಚಿಸಿದ್ದರು, ಇವತ್ತು ವಿಜ್ಞಾನ ಎಷ್ಟು ಬೆಳೆದರೂ ಈ ಮಾತು ಮುರಿದಿಲ್ಲ ಎಂದರು. ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ನನಗೆ ತಿಳಿಯಿತು ಎಂದರೆ ಎಲ್ಲರಿಗೂ ತಿಳಿಯಿತು.

ಸಂಜೆ ಈ ಮಾತನ್ನು ನಿಲಂಗಾದಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಅಲ್ಲಿ ಒಂದು ಖಾಸಗಿ ಕ್ಲಾಸಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಒಬ್ಬನೇ ಇದ್ದ. ನಮಾಜು ಬಿಟ್ಟು ವರ್ಷಗಳಾಗಿದ್ದವು. ಮೊದಲು ಮುಚ್ಚಿಡುತ್ತಿದ್ದ, ಆಮೇಲೆ ಕೇಳಿದವರಿಗೆ ನನಗೆ ನಂಬಿಕೆ ಇಲ್ಲ ಎಂದು ನೇರವಾಗಿ ಹೇಳುತ್ತಿದ್ದ. ಯಾರನ್ನೂ ಹೀಯಾಳಿಸುತ್ತಿರಲಿಲ್ಲ.

“ಚಲೋ ಹೇಳ್ಯಾರ ನಿಮ್ಮ ಸಾಹೇಬ್ರು,” ಎಂದ. “ಆದ್ರ ಅಣ್ಣಾ, ಕರೆಂಟ್ ಹುಟ್ಟೋದು ಡ್ಯಾಮಿನಾಗ. ಡ್ಯಾಮಿಗಿ ನಿನ್ನ ಸ್ಪೀಕರ್ ಗೊತ್ತೇನು? ನಿನ್ನ ಹೆಸರ ಗೊತ್ತೇನು? ಮೂಲ ಒಂದು ಅದ ಅನ್ನು, ಹ್ಞೂಂ ಅಂತೀನಿ. ಅದಕ್ಕ ಕಿವಿ ಅದಾವ ಅಂತ ಹೆಂಗ ಹೇಳ್ತಿ?”

“ಅದನ್ನ ನಾಳೆ ಬಂದು ಅವರಿಗೇ ಕೇಳು. ಅವ್ವನೂ ಬರ್ತಾಳ. ನೀ ಬರ್ಲೇಬೇಕಂತ.”

ಅವ್ವ ನನ್ನ ಹತ್ತಿರ ಉಮರ್ಗಾದಲ್ಲಿದ್ದಳು. ಈ ಉಪನ್ಯಾಸದ ಮೇಲೆ ಅವಳು ಬಹಳ ಆಸೆ ಇಟ್ಟಿದ್ದಳು. ಇಷ್ಟು ಓದಿದವರು ಹೇಳಿದರೆ ಸಣ್ಣ ಮಗ ತಿರುಗಿ ಬರುತ್ತಾನೆ, ಆಮೇಲೆ ಅವನ ಮದುವೆ, ಅವನ ಹತ್ತಿರ ಸ್ವಲ್ಪ ದಿನ ಇದ್ದು ಅಡುಗೆ ಮಾಡಿ ಹಾಕುವುದು, ಎಲ್ಲ ಲೆಕ್ಕ ಹಾಕಿದ್ದಳು. ಬಟ್ಟೆಯ ಗಂಟು ಕಟ್ಟಿಕೊಂಡೇ ನನ್ನ ಗಾಡಿ ಹತ್ತಿದಳು.

ನಿಲಂಗಾದ ಕಾರ್ಯಕ್ರಮ ಮದುವೆ ನಡೆಯುವ ಒಂದು ಶಾದಿಖಾನೆಯಲ್ಲಿ, ಮಧ್ಯಾಹ್ನದ ಜೋಹರ್ ನಮಾಜಾದ ಮೇಲೆ. ಅಲ್ಲಿನ ಕರೆಂಟು ಕೆಟ್ಟದು. ಸ್ಪೀಕರು ಹಚ್ಚಿದ ಕೂಡಲೇ ಗುಂಯ್ ಎಂಬ ಸದ್ದು ನಿಲ್ಲದೆ ಬರುತ್ತಿತ್ತು. ಅರ್ಥಿಂಗ್ ಇರಲಿಲ್ಲ. ಹಿತ್ತಲಲ್ಲಿ ಹಸಿ ಜಾಗ ನೋಡಿ ಒಂದು ಕಬ್ಬಿಣದ ಸಲಾಕೆ ಹೊಡೆದು, ಉಪ್ಪುನೀರು ಸುರಿದು, ಅಲ್ಲಿಂದ ವೈರು ತಂದಾಗ ಸದ್ದು ಇಳಿಯಿತು. ಹೆಂಗಸರು ಪರದೆಯ ಆಚೆ ಕೂರುವುದರಿಂದ ಆ ಕಡೆಗೆ ಬೇರೆ ಆಂಪ್ಲಿಫೈಯರು, ಅದರ ದನಿ ಏರಿಸಿ ಇಳಿಸುವುದಕ್ಕೆ ಮಿಕ್ಸರಿನ ಮೇಲೆ ಬೇರೆ ಗುಂಡಿ. ಕಾರ್ಡ್‌ಲೆಸ್ ಮೈಕಿನ ಫೇಡರು, ಅಂದರೆ ಮೇಲೆ ಕೆಳಗೆ ಜಾರಿಸುವ ಗುಂಡಿ, ಅದರ ಪಕ್ಕದಲ್ಲೇ. ರೆಕಾರ್ಡಿಂಗಿಗೆ ನಾನು ದನಿಯನ್ನು ಫೇಡರಿಗೆ ಹೋಗುವ ಮೊದಲೇ ಬೇರೆ ದಾರಿಯಿಂದ ತೆಗೆದುಕೊಳ್ಳುತ್ತೇನೆ. ಹಾಲಿನಲ್ಲಿ ಸೀಟಿ ಹೊಡೆಯಿತೆಂದು ಗುಂಡಿ ಇಳಿಸಿದರೂ ರೆಕಾರ್ಡಿಂಗು ಕೆಡುವುದಿಲ್ಲ.

ತಮ್ಮ ಬಂದು ಹಿಂದಿನ ಸಾಲಿನಲ್ಲಿ ಕೂತ. ನನ್ನ ಟೇಬಲ್ಲಿನ ಪಕ್ಕ ಹಾಯುವಾಗ, “ಅರ್ಥಿಂಗ್ ಮಾಡಿಯಾ? ಮೂಲ ಅಲ್ಲೇ ಇರಬೇಕು ನೋಡು,” ಎಂದು ಚೇಷ್ಟೆ ಮಾಡಿದ. ಹುಡುಗನಿದ್ದಾಗ ಅವನು ನನ್ನ ಜೊತೆ ವೈರು ಸುತ್ತಿದವನೇ. ನನ್ನ ಸಾಮಾನೆಲ್ಲ ಅವನಿಗೆ ಗೊತ್ತು.

ಪ್ರೊಫೆಸರ್ ಸಾಹೇಬರು ಅವತ್ತು, ತಮ್ಮನ ಡ್ಯಾಮಿನ ಮಾತನ್ನು ಕೇಳಿಸಿಕೊಂಡವರ ಹಾಗೆ, ಅಲ್ಲಿಂದಲೇ ಮುಂದೆ ಹೋದರು. ಮೂಲವಿದೆ, ಆದರೆ ಅದು ಕುರುಡು ಶಕ್ತಿ ಎಂದು ಕೆಲವರು ಹೇಳುತ್ತಾರೆ. ಈ ಲೋಕ ಹೀಗೆಯೂ ಇರಬಹುದಿತ್ತು, ಹಾಗೆಯೂ ಇರಬಹುದಿತ್ತು. ಎರಡೂ ಸರಿಸಮ ಇದ್ದಾಗ ಒಂದನ್ನು ಆರಿಸುವುದು ಇಚ್ಛೆ ಇದ್ದವನ ಕೆಲಸ. ಡ್ಯಾಮು ಆರಿಸುವುದಿಲ್ಲ. ಇಚ್ಛೆ ಇದ್ದವನಿಗೆ ಅರಿವಿರಬೇಕು. ಎಲ್ಲವನ್ನೂ ಅರಿತವನಿಗೆ ನಾವು ಕರೆಯುವುದು ಕೇಳಿಸದೆ ಇರುವುದಿಲ್ಲ. ಹೀಗೆ ಒಂದರ ಮೇಲೊಂದು ಕಲ್ಲಿಟ್ಟ ಹಾಗೆ ಕಟ್ಟಿದರು.

ಪ್ರಶ್ನೆಯ ವೇಳೆಗೆ ತಮ್ಮ ಕೈಯೆತ್ತಿದ. ಮೈಕು ಕೈಯಿಂದ ಕೈಗೆ ದಾಟಿ ಅವನಿಗೆ ಸಿಕ್ಕಿತು. ಉರ್ದುವಿನಲ್ಲಿ, ಮರ್ಯಾದೆಯಿಂದ ಮಾತಾಡಿದ. ನಿಮ್ಮ ವಾದ ನನಗೆ ತಿಳಿಯಿತು, ಒಪ್ಪುತ್ತೇನೆ ಎಂದೇ ಇಟ್ಟುಕೊಳ್ಳಿ ಎಂದ. ಜನ ಖುಷಿಯಿಂದ ತಲೆಯಾಡಿಸಿದರು. ಆಮೇಲೆ ಅವನು ಹೇಳಿದ: “ಡ್ಯಾಮೇ ಆಗಿದ್ದರೆ ಒಳ್ಳೆಯದಿತ್ತು, ಸಾಹೇಬರೇ. ಡ್ಯಾಮಿನ ಮೇಲೆ ನನಗೆ ದೂರಿಲ್ಲ. ಅದಕ್ಕೆ ಕಿವಿ ಇಲ್ಲ. ನೀವು ಈಗ ಕಿವಿ ಇದೆ ಎಂದಿರಿ. ಅದಕ್ಕೇ ಕೇಳುತ್ತೇನೆ. ನಮ್ಮದು ಸಾಸ್ತೂರಿನ ಕಡೆಯ ಊರು. ಭೂಕಂಪದಲ್ಲಿ—”

ಇಲ್ಲಿ ಅವನು ಉರ್ದು ಬಿಟ್ಟು ನಮ್ಮ ಮನೆಯ ಕನ್ನಡಕ್ಕೆ ಇಳಿದ. “ನಮ್ಮ ಅಕ್ಕ ಕಲ್ಲಿನ ಬುಡಕ ಇದ್ಲು. ಆಕಿ—”

ನನ್ನ ಕೈ ಫೇಡರನ್ನು ತಳದವರೆಗೆ ಎಳೆಯಿತು.

ನಾವು ಮೂವರು ಮಕ್ಕಳು. ನನ್ನ ಹಿಂದೆ ತಂಗಿ, ಅವಳ ಹಿಂದೆ ಇವನು. ಭೂಕಂಪದಲ್ಲಿ ಕಲ್ಲುಮಣ್ಣಿನ ಮನೆ ಬಿದ್ದು ಅಪ್ಪ ಅಲ್ಲೇ ಹೋದ. ಅವ್ವ ಸೊಂಟ ಮುರಿದು ಎಚ್ಚರ ತಪ್ಪಿದ್ದಳು, ಅವಳನ್ನು ನಸುಕಿನಲ್ಲೇ ಟ್ರಕ್ಕಿನಲ್ಲಿ ಹಾಕಿ ಸೋಲಾಪುರದ ಆಸ್ಪತ್ರೆಗೆ ಒಯ್ದರು. ನಾವಿಬ್ಬರು ಹುಡುಗರು ಕಾಕಾನ ಜೊತೆ ಅಲ್ಲೇ ಉಳಿದೆವು. ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ತಂಗಿ ಕಲ್ಲಿನ ಕೆಳಗಿನಿಂದ ಕರೆಯುತ್ತಿದ್ದಳು. ಕಾಕಾ ಬರಿಗೈಯಲ್ಲಿ ಕಲ್ಲು ಎತ್ತಿದ. ಒಂದು ತೊಲೆ ಮಾತ್ರ ಅಲುಗಲಿಲ್ಲ. ಸಂಜೆಗೆ ದನಿ ನಿಂತಿತು. ಕಾಕಾ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು, ಅವ್ವನಿಗೆ ಹೇಳಬಾರದು, ತಂಗಿ ನಿದ್ದೆಯಲ್ಲೇ ಹೋದಳು ಅನ್ನಬೇಕು ಎಂದ. ನಾವು ಹಾಗೇ ಅಂದೆವು. ಕಾಕಾ ಸತ್ತ ಮೇಲೂ ಅನ್ನುತ್ತಲೇ ಇದ್ದೆವು. ಆ ಅವ್ವ ಈಗ ಪರದೆಯ ಆಚೆ ಕೂತಿದ್ದಳು.

ಹಾಲಿನಲ್ಲಿ ಫ್ಯಾನುಗಳ ಸದ್ದು. ತಮ್ಮ ಮಾತು ಮುಂದುವರಿಸಿದ್ದ, ದನಿ ಬರುತ್ತಿಲ್ಲವೆಂದು ತಿಳಿದು ಮೈಕಿನ ಮೇಲೆ ಬೆರಳಿನಿಂದ ತಟ್ಟಿದ, ಮತ್ತೆ ಮಾತಾಡಿದ. ಮುಂದಿನ ಸಾಲಿನಲ್ಲಿ ಯಾರೋ “ಜಬಾನ್ ಬಂದ್ ಹೋ ಗಯೀ!”, ನಾಲಿಗೆ ಕಟ್ಟಿತು, ಎಂದು ಕೂಗಿದರು. ನಗೆ. ಆಮೇಲೆ ಹತ್ತಾರು ದನಿಗಳಿಂದ ಅಲ್ಲಾಹು ಅಕ್ಬರ್ ಎಂಬ ತಕ್ಬೀರಿನ ಘೋಷಣೆ. ತಮ್ಮ ಮೈಕನ್ನು ತಿರುಗಿಸಿ ಅದರ ಹಸಿರು ದೀಪ ನೋಡಿದ. ಅದು ಉರಿಯುತ್ತಿತ್ತು. ಆಮೇಲೆ ತಲೆಯೆತ್ತಿ ನನ್ನ ಟೇಬಲ್ಲಿನ ಕಡೆ ನೋಡಿದ. ಮೈಕನ್ನು ಕುರ್ಚಿಯ ಮೇಲೆ ಮೆಲ್ಲನೆ ಇಟ್ಟು ಹೊರಗೆ ಹೋದ.

“ಅರೆ, ಮೈಕಿಗೆ ಏನಾಯ್ತು? ಅವರನ್ನು ಕರೆಯಿರಿ,” ಎಂದು ಪ್ರೊಫೆಸರ್ ಸಾಹೇಬರು ವೇದಿಕೆಯಿಂದ ಕೂಗಿದರು.

“ಸೆಲ್ ಹೋಗ್ಯಾವರೀ,” ಎಂದೆ. ಎದ್ದು ಹೋಗಿ, ಚೆನ್ನಾಗಿದ್ದ ಸೆಲ್ಲುಗಳನ್ನು ಎಲ್ಲರ ಎದುರು ತೆಗೆದು ಹೊಸವು ಹಾಕಿದೆ.

ಅವ್ವ ತಮ್ಮನ ಕೋಣೆಗೆ ಹೋಗಲಿಲ್ಲ. ಬಟ್ಟೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಜೊತೆ ವಾಪಸು ಉಮರ್ಗಾಕ್ಕೆ ಬಂದಳು. ದಾರಿಯಲ್ಲಿ ಕೇಳಿದಳು, “ಅಕ್ಕ ಅಂದ. ಅಕ್ಕನ ಬಗ್ಗೆ ಏನೋ ಅನ್ನೋನಿದ್ದ. ಅಷ್ಟರಾಗ ಅಲ್ಲಾಹ್ ಅವನ ಬಾಯಿ ಹಿಡದ. ನೀ ಮಶೀನ್ ಮುಂದ ಕೂತಿದ್ದಿ. ಖರೇ ಹೇಳು, ಏನಾತು?”

“ಗೊತ್ತಿಲ್ಲವ್ವಾ,” ಎಂದೆ.

ಮರುದಿನ ಬೆಳಿಗ್ಗೆ ಆ ವಿಡಿಯೋ ನನ್ನ ಫೋನಿಗೂ ಬಂತು. ಯಾರೋ ಮುಂದಿನ ಸಾಲಿನಿಂದ ಜೂಮ್ ಮಾಡಿ ತೆಗೆದದ್ದು. ತಮ್ಮನ ಮುಖ ತುಂಬ ಹತ್ತಿರ, ಬಾಯಿ ತೆರೆದು ಮುಚ್ಚುತ್ತಿದೆ, ನಗೆ ಘೋಷಣೆಗಳಲ್ಲಿ ಅವನ ದನಿ ಕೇಳುವುದಿಲ್ಲ. ಮೇಲೆ ದೊಡ್ಡ ಅಕ್ಷರದಲ್ಲಿ ‘ದೇವರಿಲ್ಲ ಎಂದವನ ನಾಲಿಗೆ ದೇವರೇ ಕಟ್ಟಿದ’ ಎಂಬ ಅರ್ಥದ ಮಾತು.

ನಾನು ಸಾಮಾನು ಹೇರಿಕೊಂಡು ಉದಗೀರಕ್ಕೆ ಹೊರಟಿದ್ದೆ. ಪ್ರೊಫೆಸರ್ ಸಾಹೇಬರು ನಿಲಂಗಾದಲ್ಲೇ ಉಳಿದಿದ್ದರು, ಕಮಿಟಿಯ ಕಾರು ಬಿಟ್ಟು ನನ್ನ ಗಾಡಿ ಹತ್ತಿದರು. ನಿನ್ನೆಯ ರೆಕಾರ್ಡಿಂಗು ಕೇಳಬೇಕು, ಆ ಹುಡುಗನ ಪ್ರಶ್ನೆ ಎಲ್ಲಿಯವರೆಗೆ ಬಂತು ನೋಡಬೇಕು ಎಂದರು. ಇಲ್ಲ ಎನ್ನಲು ನೆಪ ಹೊಳೆಯಲಿಲ್ಲ. ಹೆಡ್‌ಫೋನು ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ನಾನು ಗಾಡಿ ಹೊಡೆಯುತ್ತಿದ್ದೆ. ದೇವಣಿ ದಾಟಿದ ಮೇಲೆ ಹೆಡ್‌ಫೋನು ತೆಗೆದರು.

“ಇದರಾಗ ಪೂರಾ ಅದ,” ಎಂದರು. “ಕೊನೀ ತನಕ.”

ನಾನು ರಸ್ತೆ ನೋಡುತ್ತಿದ್ದೆ.

“ಸೆಲ್ ಹೋಗಿದ್ರ ರೆಕಾರ್ಡಿಂಗಿಗಿ ಆವಾಜ್ ಎಲ್ಲಿಂದ ಬಂತು?”

“ಅಂವ ನನ್ನ ತಮ್ಮರೀ. ಪರದೇದ ಆಚೆ ಅವ್ವ ಇದ್ಲು. ಆಕಿಗಿ ಗೊತ್ತಿಲ್ಲ,” ಎಂದೆ.

ಸಾಹೇಬರು ಹೆಡ್‌ಫೋನಿನ ವೈರು ಸುತ್ತಿ ಇಟ್ಟರು. ಆಮೇಲೆ ಬೈಯುವ ದನಿಯಲ್ಲಲ್ಲ, ದಣಿದ ದನಿಯಲ್ಲಿ ಹೇಳಿದರು: “ನಾ ನಲವತ್ತು ವರ್ಷ ಒಂದೊಂದೇ ದಲೀಲ್, ಒಂದೊಂದೇ ಪುರಾವೆ, ತೂಕ ಮಾಡಿ ಇಟ್ಟೀನಿ. ಖೋಟಾ ಒಂದೂ ಇರಬಾರದಂತ. ಈಗ ಊರ ತುಂಬ ಒಂದು ಖೋಟಾ ದಲೀಲ್ ತಿರಗ್ಲಿಕ್ಕತ್ತದ, ಮೈಕ್ ಬಂದ್ ಆತು, ಅದಕ್ಕ ಅಲ್ಲಾಹ್ ಅದಾನ ಅಂತ. ಇದು ಬಯಲಿಗಿ ಬಿದ್ದ ದಿನ ಖರೇ ದಲೀಲೂ ಇದರ ಸಂಗಾಟ ಹೋಗ್ತದ. ನಾಸ್ತಿಕರು ಮಾಡಲಿಕ್ಕಾಗದ್ದು ನೀ ಮಾಡಿದಿ, ತಮ್ಮಾ. ಇವತ್ತು ಉದಗೀರದಾಗ ನೀನೇ ಎದ್ದು ಹೇಳು. ನಾ ಹೇಳಿದ್ರ ಚಾಡಿ ಆಗ್ತದ, ನೀ ಹೇಳಿದ್ರ ಸಾಕ್ಷಿ ಆಗ್ತದ.”

ಹ್ಞೂಂ ಎಂದೆ.

ಉದಗೀರದಲ್ಲಿ ಜನ ಮೊದಲ ಎರಡು ದಿನಗಳಿಗಿಂತ ಹೆಚ್ಚು. ವಿಡಿಯೋ ನೋಡಿ ಬಂದವರೇ ಬಹಳ. ಅಧ್ಯಕ್ಷರು ಸ್ವಾಗತ ಭಾಷಣದಲ್ಲಿ ಅದನ್ನೇ ಎತ್ತಿದರು. ನಿನ್ನೆ ನಿಲಂಗಾದಲ್ಲಿ ಏನಾಯಿತು ನೀವೆಲ್ಲ ನೋಡಿದ್ದೀರಿ, ಕಣ್ಣಿಗೆ ಕಾಣುವ ಕುದರತ್ತು ಎಂದರು. ಪ್ರೊಫೆಸರ್ ಸಾಹೇಬರು ಮೈಕಿನ ಮುಂದೆ ಬಂದು ಮಾತು ಆರಂಭಿಸಲಿಲ್ಲ. ನನ್ನ ಕಡೆ ನೋಡಿದರು. ಕಾದರು. ಇಡೀ ಸಭೆ ಯಾಕೆ ಎಂದು ತಿರುಗಿ ನೋಡುವಷ್ಟು ಹೊತ್ತು ಕಾದರು. ನಾನು ಮಿಕ್ಸರಿನ ದೀಪಗಳ ಮೇಲೆ ಬಗ್ಗಿ, ಸರಿಯಾಗಿಯೇ ಇದ್ದ ಗುಂಡಿಗಳನ್ನು ತಿರುವುತ್ತಿದ್ದೆ.

ಆಗ ಅವರೇ ಹೇಳಿದರು. ನಿನ್ನೆ ಮೈಕು ಬಂದ್ ಮಾಡಿದ್ದು ಅಲ್ಲಾಹ್ ಅಲ್ಲ, ಆಕಾಶ ಭೂಮಿ ಮಾಡಿದವನನ್ನು ದಯವಿಟ್ಟು ಮೈಕಿನ ಕೆಲಸಕ್ಕೆ ಇಳಿಸಬೇಡಿ ಎಂದರು. ನನ್ನ ಹೆಸರು ಹೇಳಲಿಲ್ಲ. ಆಮೇಲೆ ತಮ್ಮನ ಪ್ರಶ್ನೆಯನ್ನು, ಊರು ಮನೆ ಹೇಳದೆ, ಪೂರ್ತಿ ಓದಿದ ಹಾಗೆ ಹೇಳಿದರು. ಕಲ್ಲಿನ ಕೆಳಗೆ ಒಂದು ಮಗು ಕರೆಯಿತು. ನಾವು ಕೇಳಿದೆವು, ಎತ್ತಲಿಕ್ಕೆ ಬಲವಿರಲಿಲ್ಲ. ಬಲವಿದ್ದವನು ಕೇಳಿದನೋ ಇಲ್ಲವೋ? ಇದು ಪ್ರಶ್ನೆ.

ಅವರ ಉತ್ತರ ಜನಕ್ಕೆ ಹಿಡಿಸಲಿಲ್ಲ. ನಮ್ಮ ಹಿಂದಿನ ಕಾಲದ ಪಂಡಿತರಲ್ಲಿ ಎರಡು ಪಂಗಡ ಇದ್ದವು ಎಂದರು. ಅವನು ಒಡೆಯ, ಅವನನ್ನು ಯಾಕೆ ಎಂದು ಕೇಳುವ ಹಕ್ಕು ನಮಗಿಲ್ಲ ಎಂದು ಒಂದು. ಅವನು ನ್ಯಾಯವಂತ, ಮಗುವಿನದಿರಲಿ ಮೂಕಪ್ರಾಣಿಯದಿರಲಿ, ಪ್ರತಿ ನೋವಿಗೂ ಮುಂದೆ ಪರಿಹಾರ ಕೊಟ್ಟೇ ಕೊಡುತ್ತಾನೆ ಎಂದು ಇನ್ನೊಂದು. ಮೊದಲನೆಯದನ್ನು ಆ ಮಗುವಿನ ತಾಯಿಗೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ ಎಂದರು. ಎರಡನೆಯದನ್ನು ಹೇಳಬಲ್ಲೆ, ತೋರಿಸಲಾರೆ. ತರ್ಕ ನನ್ನನ್ನು ಬಾಗಿಲಿನವರೆಗೆ ತಂದು ನಿಲ್ಲಿಸಿದೆ, ಒಳಗೆ ಕರೆದುಕೊಂಡು ಹೋಗಿಲ್ಲ. ಆದರೆ ಆ ಪ್ರಶ್ನೆ ಕೇಳಿದವನನ್ನು ನಾಸ್ತಿಕ ಎನ್ನಬೇಡಿ. ಖಾಲಿ ಮನೆಯ ಬಾಗಿಲಲ್ಲಿ ನಿಂತು ಯಾರೂ ಜಗಳ ಆಡುವುದಿಲ್ಲ ಎಂದು ಮುಗಿಸಿದರು.

ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನ ಹತ್ತಿರ ಬಂದು, “ಇವರು ಏನರೀ, ಉತ್ತರ ಕೊಡ್ಲಿಕ್ಕ ಕರಸಿದ್ರ ಸ್ವತಃ ಪ್ರಶ್ನೆ ಆಗ್ಯಾರ. ಆ ಭಾಗ ಕಟ್ ಮಾಡಿ ಕೊಡು,” ಎಂದರು. ಕಟ್ ಮಾಡಿ ಕೊಟ್ಟೆ. ಅದೂ ನನ್ನ ಕೈಯೇ. ಪ್ರೊಫೆಸರ್ ಸಾಹೇಬರು ಕಾರು ಹತ್ತುವಾಗ ನನ್ನನ್ನು ನೋಡಲಿಲ್ಲ.

ಮುಂದಿನ ದಿನಗಳಲ್ಲಿ ವಿಡಿಯೋ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ತಮ್ಮನ ಕ್ಲಾಸಿನ ಮಾಲೀಕರು ಹಿಂದೂಗಳು, ಧರ್ಮದ ತಂಟೆ ನಮಗೆ ಬೇಡ ಎಂದು ಅವನನ್ನು ಬಿಡಿಸಿದರು. ಕೋಣೆಯ ಮಾಲೀಕರು ನಮ್ಮವರು, ಅವರೂ ಬಿಡಿಸಿದರು. ಅವನು ದೇವಣಿಗೆ ಹೋಗಿ ದನದ ಹಿಂಡಿ ಮಾರುವ ಅಂಗಡಿಯಲ್ಲಿ ಚೀಲ ತೂಗುವ ಕೆಲಸಕ್ಕೆ ನಿಂತ. ಅಲ್ಲಿಯೂ ಸಂತೆಗೆ ಬಂದವರು ಗುರುತು ಹಿಡಿದು, “ಮಾಸ್ತರ್, ಎತ್ತಿಗೂ ಬಾಯಿಲ್ಲ, ನಿಮಗೂ ಬಾಯಿಲ್ಲ, ಜೋಡಿ ಪಸಂದ್ ಅದ,” ಎನ್ನುತ್ತಿದ್ದರಂತೆ. ನನಗೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಈದ್ ಹಬ್ಬದ ದಿನ ಅವನು ಅವ್ವನನ್ನು ನೋಡಲು ಬಂದ. ಹೊಸ ಸೀರೆ ತಂದಿದ್ದ. ಕಾಲು ಮುಟ್ಟಲು ಬಗ್ಗಿದಾಗ ಅವ್ವ ಹಿಂದಕ್ಕೆ ಸರಿದಳು. ಮುರಿದು ಕೂಡಿದ ಸೊಂಟದವಳು, ಅಷ್ಟು ಬೇಗ ಸರಿದದ್ದನ್ನು ನಾನು ನೋಡಿಯೇ ಇರಲಿಲ್ಲ.

“ಮೊದಲ ತೌಬಾ ಮಾಡು, ತಪ್ಪಾತು ಅನ್ನು,” ಎಂದಳು. “ನಿನ್ನ ಮ್ಯಾಲ ಅವನ ಸಿಟ್ಟು ಅದ. ಎಲ್ಲರೂ ನೋಡ್ಯಾರ. ನನಗ ಅಂಜಿಕಿ ಆಗ್ತದಪಾ.”

ತಮ್ಮ ಸೀರೆಯನ್ನು ಗೋಡೆಯ ಗೂಡಿನಲ್ಲಿ ಇಟ್ಟ. ನನ್ನ ಕಡೆ ಒಮ್ಮೆ ನೋಡಿದ. ಆಗಲಾದರೂ ನಾನು ಮಾತಾಡುತ್ತೇನೆಂದು ಕಾದನೇನೋ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ. ಹಬ್ಬಕ್ಕೆ ಮಾಡಿದ ಶೀರ್‌ಖುರ್ಮಾ ಪಾಯಸ ಹಾಗೇ ಉಳಿಯಿತು.

ಅವ್ವನ ಸಲುವಾಗಿ ಮಾಡಿದೆ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಆ ದಿನ ಆ ಮಾತು ಉಳಿಯಲಿಲ್ಲ. ಅವ್ವನಿಗೆ ಕೇಳಿಸಬಾರದು ಎಂದಷ್ಟೇ ಇದ್ದಿದ್ದರೆ ಹೆಂಗಸರ ಕಡೆಯ ಗುಂಡಿ ಇಳಿಸಿದರೆ ಆಗುತ್ತಿತ್ತು. ಅದು ಪಕ್ಕದಲ್ಲೇ ಇತ್ತು. ಎಲ್ಲಿ ಯಾವುದು ಇದೆ ಎಂದು ನನ್ನ ಕೈಗೆ ನೋಡದೆ ಗೊತ್ತು. ಆದರೂ ಕೈ ತಮ್ಮನ ಫೇಡರಿಗೇ ಹೋಯಿತು. ದೇವರ ಮೇಲೆ ದೂರು ಹೇಳುವವನ ಅಣ್ಣ ಇವನು ಎಂದು ಆ ನಾಲ್ಕು ಗೋಡೆಯ ಜನ ತಿರುಗಿ ನನ್ನನ್ನು ನೋಡಬಾರದು, ಅದು ನನಗೆ ಬೇಕಾಗಿದ್ದದ್ದು. ಇನ್ನೂ ಒಂದು ಇದೆ. ಅವನು ಕೇಳಿದ ಪ್ರಶ್ನೆ ನನ್ನದೂ ಆಗಿತ್ತು. ನಾನು ಅದನ್ನು ನಮಾಜಿನ ಕೆಳಗೆ ಹೂತಿಟ್ಟಿದ್ದೆ. ಅವನು ಇಡಲಾರದೆ ಹೋದ.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಒಂದು ಸಣ್ಣ ಸ್ಪೀಕರು ಮನೆಗೆ ತಂದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಅವಳ ಮುಂದೆ ಕೂತು, ಮೈಕು ಬಂದ್ ಮಾಡಿದವ ನಾನು ಎಂದು ಮೊದಲು ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಇದರೊಳಗೆ ಅವನು ಆಡಿದ್ದು ಪೂರ್ತಿ ಇದೆ, ಕೇಳಿದರೆ ನಿನಗೆ ಸಂಕಟವಾಗುತ್ತದೆ ಎಂದೆ. “ಹಚ್ಚು,” ಎಂದಳು.

ತಮ್ಮನ ದನಿ ಬಂತು. ಉರ್ದು ಮುಗಿದು ಕನ್ನಡ ಬಂತು. “ಕರೀಲಿಕ್ಕತ್ತಿದ್ಲು. ನಾನೂ ಕೇಳಿದೆ, ನಮ್ಮ ಅಣ್ಣನೂ ಕೇಳಿದ. ನಮಗ ಎತ್ತಲಿಕ್ಕ ಆಗಲಿಲ್ಲ, ನಾವು ಸಣ್ಣವರು. ಎತ್ತೋ ತಾಕತ್ತ ಇದ್ದಂವ ಕೇಳಿದನೋ ಇಲ್ಲೋ? ಕೇಳಿ ಸುಮ್ಮನಿದ್ದ ಅಂದ್ರ ನಾ ಹೆಂಗ ಅವನ ಮುಂದ ಬಗ್ಗಲಿ? ಕೇಳಿಲ್ಲ ಅಂದ್ರ ಯಾರ ಮುಂದ ಬಗ್ಗಲಿ?” ಹಿಂದೆ ನಗೆ, ಘೋಷಣೆ. ಆ ನಗೆಯ ಒಳಗೂ ಅವನು ಮಾತಾಡುತ್ತಲೇ ಇದ್ದ.

ಅವ್ವ ಅಕ್ಕಿಯಲ್ಲಿ ಕೈಯಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು, “ಏನಂತ ಕರೀತಿದ್ಲು?”

ಸುಳ್ಳು ಹೇಳಲಾಗಲಿಲ್ಲ. “ಅವ್ವಾ ಅಂತ,” ಎಂದೆ.

ಅವಳು ಅಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದಳು. “ಅಂವ ಕೇಳಿದ್ದು ನನ್ನ ಮಾತು. ನಾನು ಕೇಳಬೇಕಾಗಿತ್ತು. ನಾ ಕೇಳ್ತೀನಿ ಅಲ್ಲಾಹ್‌ಗ, ನಮಾಜಿನ ಮುಸಲ್ಲಾದ ಮ್ಯಾಲ ಕೂತು ಕೇಳ್ತೀನಿ, ಉತ್ತರ ಕೊಡೋ ತನಕ ಬಿಡಂಗಿಲ್ಲ.” ಆಮೇಲೆ ನನ್ನ ಮುಖ ನೋಡಿದಳು. “ನಿನ್ನ ಸುಳ್ಳ ನಂಬಿ ನಾ ನನ್ನ ಮಗನ್ನ ಮುಟ್ಟಲಿಲ್ಲ. ಹಬ್ಬದ ದಿನ. ಏಳು, ಗಾಡಿ ತಗಿ.”

ಗೂಡಿನಲ್ಲಿದ್ದ ಸೀರೆ ಉಟ್ಟುಕೊಂಡು ಬಂದಳು.

ದೇವಣಿಯಲ್ಲಿ ತಮ್ಮ ಹಿಂಡಿಯ ಚೀಲಗಳ ನಡುವೆ ಇದ್ದ. ಅವ್ವ ಏನೂ ಹೇಳದೆ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಹೆಗಲಿಗೆ ಒತ್ತಿಕೊಂಡಳು. ಅವನ ಮೈಯ ಹಿಂಡಿಯ ಪುಡಿಯೆಲ್ಲ ಹೊಸ ಸೀರೆಗೆ ಹತ್ತಿತು. ನಾನು ಬಾಯಿ ತೆರೆದೆ.

“ನನಗ ಹೇಳಬ್ಯಾಡ,” ಎಂದ ಅವನು. “ಹಸಿರ ಲೈಟ್ ಉರೀತಿತ್ತು. ನಿನ್ನ ಕೈ ಎಲ್ಲಿತ್ತು ಅಂತ ನಾ ನೋಡೀನಿ. ನನಗ ಅವತ್ತೇ ಗೊತ್ತದ.”

“ಮತ್ತ ಯಾಕ ಹೇಳಲಿಲ್ಲ ನೀ?” ಎಂದೆ.

“ನಾ ಹೇಳಿದ್ರ ಯಾರು ನಂಬ್ತಾರ? ನನ್ನ ಬಾಯಿ ಅಲ್ಲಾಹ್ ಕಟ್ಯಾನಲ್ಲ!” ನಕ್ಕ. ಆ ನಗೆಯಲ್ಲಿ ಸಂತೋಷವಿರಲಿಲ್ಲ. “ಹೇಳೋದಿದ್ರ ಆ ಮಂದೀಗಿ ಹೇಳು. ನಿಲಂಗಾದಾಗ.”

ಪ್ರೊಫೆಸರ್ ಸಾಹೇಬರು ಉದಗೀರದಲ್ಲಿ ಕೊಟ್ಟ ಉತ್ತರವನ್ನು, ಖಾಲಿ ಮನೆಯ ಮಾತನ್ನು, ಅವನಿಗೆ ಹೇಳಿದೆ. ಅವನು ಚೀಲದ ಬಾಯಿ ಹೊಲಿಯುತ್ತ ಕೇಳಿಸಿಕೊಂಡ.

“ದೊಡ್ಡ ಮನುಷ್ಯ ಅವರು. ಆದ್ರ ಖಾಲಿ ಮನಿ ಮುಂದೂ ಜಗಳ ಆಡ್ತಾರ, ಅಣ್ಣಾ. ಒಳಗ ಯಾರೂ ಇಲ್ಲಂತ ಖಾತ್ರಿ ಆಗೋ ತನಕ.”

ಶುಕ್ರವಾರ ನಾವು ಮೂವರೂ ನಿಲಂಗಾಕ್ಕೆ ಹೋದೆವು. ಅವ್ವ ಗಾಡಿಯಲ್ಲೇ ಕೂತಳು. ತಮ್ಮ ಮಸೀದಿಯ ಒಳಗೆ ಬರಲಿಲ್ಲ, ಗೇಟಿನ ಹೊರಗೆ ನಿಂತ. ನಮಾಜಿಗೆ ಮೊದಲು ಅಧ್ಯಕ್ಷರನ್ನು ಕಂಡೆ. ಅವತ್ತು ಅವರು ಕಮಿಟಿಯ ಕೆಲಸಕ್ಕೆ ಅಲ್ಲಿಗೆ ಬಂದಿದ್ದರು. ವಿಷಯ ಹೇಳಿದೆ.

“ಹುಚ್ಚಗಿಚ್ಚ ಹಿಡದದೇನು ನಿನಗ?” ಎಂದರು. “ಆ ವಿಡಿಯೋ ನೋಡಿ ಎಷ್ಟು ಹುಡುಗರು ಮಸೂತಿಗಿ ಬರ್ಲಿಕ್ಕತ್ಯಾರ ಗೊತ್ತದನಾ? ಮಂದಿ ಈಮಾನ್, ನಂಬಿಗಿ, ಹೆಚ್ಚಾಗ್ಯದ. ಅದನ್ಯಾಕ ಕೆದಕ್ತಿ?”

“ಅದು ಈಮಾನ್ ಅಲ್ಲರೀ. ಅದು ನನ್ನ ಬೆರಳು.”

“ನಿನ್ನ ಸಾಮಾನ್ ಇನ್ಮುಂದ ಈ ಮೂರೂ ಊರಾಗ ಯಾರೂ ತರಸಂಗಿಲ್ಲ. ನೆನಪಿಡು. ಇವತ್ತು ಇಲ್ಲಿ ನಿನಗ ಮೈಕೂ ಕೊಡಂಗಿಲ್ಲ.”

ನಮಾಜು ನಡೆಸುವ ಪೇಶ್ ಇಮಾಮರು ನಮ್ಮಿಬ್ಬರನ್ನೂ ಕೇಳಿಸಿಕೊಂಡು, ತಪ್ಪು ಒಪ್ಪಿಕೊಳ್ಳುವವನನ್ನು ಮಸೀದಿಯಲ್ಲಿ ತಡೆಯಲು ನನಗೆ ಅಧಿಕಾರವಿಲ್ಲ ಎಂದರು. ನಮಾಜು ಮುಗಿದು ಜನ ಏಳುವ ಮೊದಲು ನಾನು ಎದ್ದು ನಿಂತೆ. ಶಾದಿಖಾನೆಯಲ್ಲಿ ಮೈಕು ಬಂದ್ ಮಾಡಿದವನು ನಾನು, ಸೆಲ್ಲು ಚೆನ್ನಾಗಿದ್ದವು, ಪ್ರಶ್ನೆ ಕೇಳಿದವನ ನಾಲಿಗೆ ಯಾರೂ ಕಟ್ಟಲಿಲ್ಲ, ಅವನು ಕೊನೆಯವರೆಗೂ ಮಾತಾಡಿದ ಎಂದು ಉರ್ದುವಿನಲ್ಲಿ ಹೇಳಿದೆ. ಒಬ್ಬರು ಕೂರು ಎಂದು ಗದರಿಸಿದರು. ಒಬ್ಬರು ಎದ್ದು ಹೋದರು. ಕೆಲವರು ತಲೆ ತಗ್ಗಿಸಿದರು. ನಾನು ಗೇಟಿನ ಕಡೆ ತಿರುಗಿದೆ. ಅವನು ಸರಳಿನ ಆಚೆ ನಿಂತಿದ್ದ, ನಡುವೆ ಅಷ್ಟು ಜನ. ಅವನಿಗೆ ಮುಟ್ಟಲೆಂದು ಗಂಟಲು ಹರಿಯುವ ಹಾಗೆ ನಮ್ಮ ಮನೆಯ ಮಾತಿನಲ್ಲಿ ಕೂಗಿ ಹೇಳಿದೆ:

“ತಮ್ಮಾ, ನಿನ್ನ ಮೈಕ್ ನಾನೇ ಬಂದ್ ಮಾಡೀನಿ. ಅವ್ವನ ಸಲುವಾಗಿ ಅಂತ ಸುಳ್ಳ ಹೇಳ್ಕೊಂಡೆ, ಖರೇ ಅಂದ್ರ ಈ ಮಂದೀಗಿ ಅಂಜಿ ಮಾಡೀನಿ. ಆಮ್ಯಾಲ ಅದನ್ನ ಅಲ್ಲಾಹ್‌ನ ಮ್ಯಾಲ ಹಾಕಿದ್ರೂ ಸುಮ್ಮ ಕೂತೀನಿ. ನಿಂದೇನೂ ತಪ್ಪಿಲ್ಲ. ತಪ್ಪು ನಂದದ. ನನ್ನ ಮಾಫ್ ಮಾಡು.”